ಹಳೆಯ ಗಣಕಯಂತ್ರಗಳೂ ಲಘುವಾದ ಡೆಸ್ಕ್‌ಟಾಪ್ ಪರಿಸರವೂ

೧. ವಿಷಯಪ್ರವೇಶ

ಲಾಘವಕ್ಕೆ ಶಾಸ್ತ್ರಗಳಲ್ಲಿರುವ ಮನ್ನಣೆಯನ್ನು ವಿದ್ವಜ್ಜನರಿಗೆ ಹೊಸದಾಗಿ ಹೇಳಬೇಕಾದುದಿಲ್ಲ. ಸೂತ್ರದಲ್ಲಿ ಅರ್ಧಮಾತ್ರೆ ಉಳಿದರೂ ವೈಯಾಕರಣರು ಹಿಗ್ಗುವರೆಂಬ ಪ್ರಸಿದ್ಧಿಯುಂಟು. ಎರಡು ಕಲ್ಪನೆಗಳಿಂದಲೂ ಒಂದೇ ಫಲವು ಸಿದ್ಧಿಸುವುದಾದರೆ ಲಘುವಾದ ಕಲ್ಪನೆಯನ್ನೇ ನೈಯಾಯಿಕರು ಅಂಗೀಕರಿಸುವರು. ಈ ನ್ಯಾಯವು ಗ್ರಂಥದೊಳಗೆ ಮಾತ್ರವಲ್ಲದೆ ನಮ್ಮ ಮೇಜಿನ ಮೇಲಣ ಗಣಕಯಂತ್ರದಲ್ಲಿಯೂ ಹೇಗೆ ಅನ್ವಯಿಸುವುದೆಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶವು.

ಈ ವಿಚಾರಕ್ಕೆ ಈಗ ಪ್ರಸಕ್ತಿಯುಂಟಾದುದು ಹೀಗೆ. ವಿಂಡೋಸ್ ೧೦ ಎಂಬ ಕಾರ್ಯಾಚರಣ ವ್ಯವಸ್ಥೆಗೆ ದೊರೆಯುತ್ತಿದ್ದ ಸಾಮಾನ್ಯ ಬೆಂಬಲವು ೨೦೨೫ನೆಯ ಇಸವಿ ಅಕ್ಟೋಬರ್ ೧೪ನೆಯ ದಿನಕ್ಕೆ ಮುಗಿಯಿತು. ಅದರ ಮುಂದಿನದಾದ ವಿಂಡೋಸ್ ೧೧ಕ್ಕೆ ಕನಿಷ್ಠಪಕ್ಷ ೪ ಗಿಗಾಬೈಟ್ ಸ್ಮೃತಿಯೂ, ೬೪ ಗಿಗಾಬೈಟ್ ಸಂಗ್ರಹಸ್ಥಳವೂ, ಟಿಪಿಎಂ ೨.೦ ಎಂಬ ಸುರಕ್ಷತಾಸಾಧನವೂ ಬೇಕೆಂದು ನಿಯಮವಿದೆ. ಇವುಗಳಲ್ಲಿ ಒಂದಿಲ್ಲದಿದ್ದರೂ ಯಂತ್ರವು ಅನರ್ಹವೆನಿಸುತ್ತದೆ. ಹೀಗಾಗಿ ಪಾಠಶಾಲೆ, ವಾಚನಾಲಯ, ಮಠಗಳಲ್ಲಿ ಹತ್ತು ಹನ್ನೆರಡು ವರ್ಷಗಳಿಂದ ಇರುವ ಯಂತ್ರಗಳು, ಕೆಡದೆ ನಡೆಯುತ್ತಿದ್ದರೂ ಕೂಡ, ಗುಜರಿಯ ದಾರಿಯನ್ನು ಹಿಡಿದಿವೆ.

ಶಿರಾ ತಾಲ್ಲೂಕಿನ ನಮ್ಮ ಬರಗೂರಿನಲ್ಲಿಯೂ ಒಂದು ಕೊಠಡಿಯ ಮೂಲೆಯಲ್ಲಿ ಇಂಥ ಎರಡು ಯಂತ್ರಗಳು ಬಟ್ಟೆ ಹೊದ್ದು ಕುಳಿತಿದ್ದುವು. ಒಂದರಲ್ಲಿ ೨ ಗಿಗಾಬೈಟ್, ಇನ್ನೊಂದರಲ್ಲಿ ೪ ಗಿಗಾಬೈಟ್ ಸ್ಮೃತಿ. ನಮ್ಮ ತಾಲ್ಲೂಕಿನ ಶಾಸನಪಾಠಗಳು ಬಿ. ಎಲ್. ರೈಸ್ ಅವರು ೧೯೦೪ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ಣಾಟಿಕದ ತುಮಕೂರು ಸಂಪುಟದಲ್ಲಿವೆ. ಅವುಗಳನ್ನು ಹಳಗನ್ನಡದ ಪಾಠಕ್ಕೆ ಒದಗುವಂತೆ ಶುದ್ಧವಾಗಿ ಪ್ರತಿಮಾಡಬೇಕೆಂಬ ಬಯಕೆ ನನಗೆ ಬಹುಕಾಲದಿಂದ ಇದ್ದಿತು. ಹೊಸ ಯಂತ್ರಕ್ಕೆ ಹಣವಿಲ್ಲ. ಹಳೆಯ ಯಂತ್ರವು ಒಂದಕ್ಷರವನ್ನು ಒತ್ತಿದರೆ ಅದನ್ನು ತೋರಿಸುವುದಕ್ಕೆ ಆಲೋಚಿಸುತ್ತ ಕೂರುವುದು. ಇಂಥ ಸಂಕಟದಲ್ಲಿ ನಾನು ಮಾಡಿದ ವಿಚಾರದ ಫಲವನ್ನೇ ಇಲ್ಲಿ ಕ್ರಮವಾಗಿ ನಿರೂಪಿಸುತ್ತೇನೆ.

ಇದರ ವಿಷಯವು ಯುನಿಕ್ಸ್ ಮಾದರಿಯ ವ್ಯವಸ್ಥೆಗಳಲ್ಲಿ ಬಳಸುವ ಲಘು ಡೆಸ್ಕ್‌ಟಾಪ್ ಪರಿಸರ. ಪ್ರಯೋಜನವು ಹಳೆಯ ಯಂತ್ರದಿಂದ ಕನ್ನಡದ ಕೆಲಸವನ್ನು ಪಡೆಯುವುದು. ಅಧಿಕಾರಿಯು ಯಂತ್ರಶಾಸ್ತ್ರವನ್ನು ಅಭ್ಯಸಿಸದ, ಆದರೆ ತನ್ನ ಭಾಷೆಯನ್ನು ಶುದ್ಧವಾಗಿ ಬರೆಯಬೇಕೆಂಬ ಹಟವುಳ್ಳ ಅಧ್ಯಾಪಕ.

೨. ಪರಿಭಾಷೆ

ಯುನಿಕ್ಸ್ ಎಂಬ ವ್ಯವಸ್ಥೆಯು ೧೯೬೯ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಕೆನ್ ಥಾಮ್ಸನ್, ಡೆನಿಸ್ ರಿಚಿ ಮುಂತಾದವರಿಂದ ಹುಟ್ಟಿತು. ಸಣ್ಣ ಸಣ್ಣ ಸಾಧನಗಳು ತಂತಮ್ಮ ಒಂದೊಂದು ಕೆಲಸವನ್ನು ಚೆನ್ನಾಗಿ ಮಾಡಿ, ಒಂದರ ಫಲವನ್ನು ಇನ್ನೊಂದಕ್ಕೆ ಒಪ್ಪಿಸಬೇಕೆಂಬುದು ಆ ಪರಂಪರೆಯ ಮುಖ್ಯ ಮತ. ೧೯೮೩ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಅವರು ಅದೇ ಬಗೆಯ, ಆದರೆ ಎಲ್ಲರೂ ಓದಿ ತಿದ್ದಿ ಹಂಚಿಕೊಳ್ಳಬಹುದಾದ, ಗ್ನೂ ಎಂಬ ವ್ಯವಸ್ಥೆಯನ್ನು ಘೋಷಿಸಿದರು. ೧೯೯೧ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಅವರು ಲಿನಕ್ಸ್ ಎಂಬ ಕರ್ನಲನ್ನು ರಚಿಸಿದರು. ಈ ಎರಡರ ಸಂಯೋಗದಿಂದಾದುದನ್ನೇ ಇಂದು ಜನರು ಸಾಮಾನ್ಯವಾಗಿ ಲಿನಕ್ಸ್ ಎನ್ನುವರು.

ಈ ವ್ಯವಸ್ಥೆಯ ಅಂಗಗಳನ್ನು ದೇವಾಲಯದ ದೃಷ್ಟಾಂತದಿಂದ ತಿಳಿಯುವುದು ಸುಲಭ. ಯಂತ್ರದ ಸ್ಮೃತಿ, ಸಂಗ್ರಹ, ಕೀಲಿಮಣೆಗಳನ್ನು ಆಳುವ ಕರ್ನಲು ಗರ್ಭಗುಡಿಯಿದ್ದಂತೆ. ತೆರೆಯ ಮೇಲೆ ಚಿತ್ರವನ್ನು ಮೂಡಿಸುವ ಪ್ರದರ್ಶನವ್ಯವಸ್ಥೆಯು ಸುಕನಾಸಿ. ಇದರಲ್ಲಿ ಎರಡು ಸಂಪ್ರದಾಯಗಳುಂಟು: ೧೯೮೪ರಲ್ಲಿ ಮೆಸಾಚುಸೆಟ್ಸ್ ತಾಂತ್ರಿಕ ವಿದ್ಯಾಸಂಸ್ಥೆಯಲ್ಲಿ ಆರಂಭವಾದ ಎಕ್ಸ್, ೨೦೦೮ರಲ್ಲಿ ಆರಂಭವಾದ ವೇಲ್ಯಾಂಡ್. ತೆರೆದ ಪುಟಗಳಿಗೆ ಚೌಕಟ್ಟು ಹಾಕಿ ಹಿಂದು ಮುಂದಾಗಿ ಜೋಡಿಸುವ ವಿಂಡೋ ನಿರ್ವಾಹಕವು ನವರಂಗ. ಪಟ್ಟಿ, ಗಡಿಯಾರ, ಕಡತಗಳ ಕಪಾಟು, ಹಿನ್ನೆಲೆಯ ಚಿತ್ರ, ಸಂಯೋಜನೆಯ ಫಲಕ ಇವೆಲ್ಲ ಮುಖಮಂಟಪ. ನವರಂಗ, ಮುಖಮಂಟಪಗಳೆರಡೂ ಒಂದೇ ಶಿಲ್ಪಿಯ ಕೈಯಿಂದ ಒಂದೇ ಶೈಲಿಯಲ್ಲಿ ಕಡೆಯಲ್ಪಟ್ಟು ಒಟ್ಟಾಗಿ ದೊರೆತರೆ ಅದಕ್ಕೆ ಡೆಸ್ಕ್‌ಟಾಪ್ ಪರಿಸರವೆಂದು ಹೆಸರು.

ಇಲ್ಲಿ ಗಮನಿಸತಕ್ಕ ವಿಶೇಷವೊಂದುಂಟು. ವಿಂಡೋಸಿನಲ್ಲಿ ಮಂಟಪವು ಗರ್ಭಗುಡಿಗೆ ಅಂಟಿಯೇ ಬರುತ್ತದೆ. ಬೇರೆ ಮಾಡಲು ಬಾರದು. ಯುನಿಕ್ಸ್ ಪರಂಪರೆಯಲ್ಲಾದರೋ ಗರ್ಭಗುಡಿಯನ್ನು ಹಾಗೆಯೇ ಇಟ್ಟುಕೊಂಡು ಮಂಟಪವನ್ನು ಮಾತ್ರ ಬದಲಾಯಿಸಬಹುದು. ಆದುದರಿಂದಲೇ ಆಯ್ಕೆಯೆಂಬ ಪ್ರಶ್ನೆಯು ಹುಟ್ಟುತ್ತದೆ. ಹಳ್ಳಿಯ ಗುಡಿಗೆ ಸಾವಿರ ಕಂಬದ ಮಂಟಪವಿಲ್ಲದಿದ್ದರೂ ಪೂಜೆಗೆ ಲೋಪವಿಲ್ಲವಷ್ಟೆ.

೩. ಲಾಘವದ ಮೂರು ಬಗೆಗಳು

ಲಘುವೆಂದರೇನು? ಜನರು ಸ್ಮೃತಿಯನ್ನು ಎಷ್ಟು ತಿನ್ನುವುದೆಂಬ ಒಂದೇ ಅಳತೆಯಿಂದ ಇದನ್ನು ನಿರ್ಣಯಿಸುವರು. ಇದು ಅಪೂರ್ಣವಾದ ವಿಚಾರ. ತರ್ಕಶಾಸ್ತ್ರದಲ್ಲಿ ಅನ್ಯಥಾಸಿದ್ಧಿಯ ಪ್ರಕರಣವನ್ನು ಪಾಠಹೇಳಿಸಿಕೊಂಡವರು ಲಾಘವವು ಶರೀರಕೃತ, ಉಪಸ್ಥಿತಿಕೃತ, ಸಂಬಂಧಕೃತ ಎಂದು ಮೂರು ಬಗೆಯೆಂಬುದನ್ನು ಬಲ್ಲರು. ಈ ವಿಭಾಗವು ಪ್ರಕೃತಕ್ಕೆ ಅಚ್ಚುಕಟ್ಟಾಗಿ ಹೊಂದುತ್ತದೆ.

ಮೊದಲನೆಯದು ಶರೀರಕೃತ ಲಾಘವ. ಪರಿಸರವು ಎದ್ದು ನಿಂತ ಕೂಡಲೆ, ಬೇರೆ ಯಾವ ಕೆಲಸವನ್ನೂ ಮಾಡದಿರುವಾಗ, ಎಷ್ಟು ಸ್ಮೃತಿಯನ್ನು ಆಕ್ರಮಿಸುವುದೆಂಬುದೇ ಇದರ ಮಾನ. ಗ್ನೋಮ್‌ನಂಥ ಪೂರ್ಣಪರಿಸರಗಳಿಗೆ ಒಂದು ಗಿಗಾಬೈಟನ್ನು ಮೀರುವುದು ಸಾಮಾನ್ಯ. ಲಘುಪರಿಸರಗಳು ಅದರೊಳಗೇ ನಿಲ್ಲುವುವು. ೧೬ ಗಿಗಾಬೈಟ್ ಇರುವವನಿಗೆ ಈ ಅಂತರವು ಗಣನೆಗೆ ಬಾರದು. ಎರಡೇ ಗಿಗಾಬೈಟ್ ಇರುವವನಿಗೆ ಇದು ಸಂಸಾರ ನಡೆಯುವುದೋ ನಿಲ್ಲುವುದೋ ಎಂಬ ಪ್ರಶ್ನೆ. ಸ್ಮೃತಿಯು ತುಂಬಿದರೆ ಯಂತ್ರವು ಹೆಚ್ಚಾದುದನ್ನು ಸಂಗ್ರಹಬಿಲ್ಲೆಗೆ ಸಾಗಿಸಿ, ಬೇಕಾದಾಗ ಮರಳಿ ತರಬೇಕು. ತಿರುಗುವ ಬಿಲ್ಲೆಯು ಸ್ಮೃತಿಗಿಂತ ಎಷ್ಟೋ ಪಾಲು ನಿಧಾನ. ಒತ್ತಿದ ಅಕ್ಷರವು ಕಾಣಿಸದೆ ತಡೆಯುವುದಕ್ಕೆ ಹೆಚ್ಚಾಗಿ ಈ ಸಾಗಾಟವೇ ಕಾರಣ.

ಎರಡನೆಯದು ಉಪಸ್ಥಿತಿಕೃತ ಲಾಘವ. ಎಂದರೆ ಬುದ್ಧಿಗೆ ಬೇಗನೆ ಗೋಚರಿಸುವಿಕೆ. ಕೀಲಿಗಳ ಸಂಯೋಗದಿಂದಲೇ ಎಲ್ಲವನ್ನೂ ನಡೆಸುವ ವಿಂಡೋ ನಿರ್ವಾಹಕಗಳಿವೆ. ಅವುಗಳ ಶರೀರವು ಅತ್ಯಂತ ಕೃಶ. ಆದರೆ ಕುಳಿತವನು ಹತ್ತಿಪ್ಪತ್ತು ಸಂಯೋಗಗಳನ್ನು ಕಂಠಪಾಠ ಮಾಡಿರಬೇಕು. ಯಂತ್ರದ ಸ್ಮೃತಿಯಲ್ಲಿ ಉಳಿಸಿದುದನ್ನು ಮನುಷ್ಯನ ಸ್ಮೃತಿಯ ಮೇಲೆ ಹೊರಿಸಿದಂತಾಯಿತು. ಅಧ್ಯಾಪಕನೊಬ್ಬನು ಬಂದು ಕುಳಿತೊಡನೆ ಪಟ್ಟಿಯೆಲ್ಲಿ, ಕಡತವೆಲ್ಲಿ, ಯಂತ್ರವನ್ನು ಆರಿಸುವ ಗುಂಡಿಯೆಲ್ಲಿ ಎಂಬುದು ಕೇಳದೆಯೇ ತಿಳಿಯುವಂತಿದ್ದರೆ ಅದು ನಿಜವಾದ ಲಾಘವ.

ಮೂರನೆಯದು ಸಂಬಂಧಕೃತ ಲಾಘವ. ಘಟಕ್ಕೆ ದಂಡವು ಕಾರಣವೆನ್ನುವರಲ್ಲದೆ ದಂಡದ ಬಣ್ಣವು ಕಾರಣವೆನ್ನರು. ಬಣ್ಣವು ದಂಡವನ್ನು ಮಧ್ಯೆ ಇಟ್ಟುಕೊಂಡೇ ಘಟಕ್ಕೆ ಸಂಬಂಧಿಸಬೇಕಾಗುವುದರಿಂದ ಅಲ್ಲಿ ಗೌರವದೋಷವುಂಟು. ಗಣಕದಲ್ಲಿಯೂ ಹಾಗೆಯೇ. ಒಂದೊಂದು ತಂತ್ರಾಂಶವೂ ಕೆಲವು ಉಪಕರಣಕೋಶಗಳನ್ನು ಆಶ್ರಯಿಸಿರುತ್ತದೆ. ಲಿನಕ್ಸಿನಲ್ಲಿ ಜಿಟಿಕೆ ಎಂತಲೂ ಕ್ಯೂಟಿ ಎಂತಲೂ ಎರಡು ದೊಡ್ಡ ಕುಲಗಳಿವೆ. ಜಿಟಿಕೆ ಕುಲದ ಪರಿಸರದಲ್ಲಿ ಕುಳಿತು ಕ್ಯೂಟಿ ಕುಲದ ಸಂಪಾದಕವೊಂದನ್ನು ತೆರೆದರೆ, ಅದೊಂದಕ್ಕಾಗಿ ಆ ಕುಲದ ಕೋಶಗಳೆಲ್ಲವೂ ಸ್ಮೃತಿಗೆ ಇಳಿಯಬೇಕು. ಒಬ್ಬ ಅತಿಥಿಯನ್ನು ಕರೆದರೆ ಅವನ ಪರಿವಾರವೆಲ್ಲವೂ ಊಟಕ್ಕೆ ಕುಳಿತಂತೆ. ಆದುದರಿಂದ ಪರಿಸರವನ್ನಾರಿಸಿದ ಮೇಲೆ ಅದೇ ಕುಲದ ಉಪಕರಣಗಳನ್ನು ಬಳಸುವುದು ಲೇಸು. ಹೀಗೆ ಮಾಡಿದರೆ ಜಾಲದಿಂದ ಇಳಿಸಿಕೊಳ್ಳಬೇಕಾದ ಸಾಮಗ್ರಿಯೂ ಕಡಮೆಯಾಗುವುದು. ಹಳ್ಳಿಯ ಮಂದವಾದ ಜಾಲಸಂಪರ್ಕಕ್ಕೆ ಇದು ಸಣ್ಣ ಉಪಕಾರವಲ್ಲ.

೪. ಪರಿಸರಗಳ ಪರಿಚಯ

ಪೂರ್ವಪಕ್ಷದಲ್ಲಿ ನಿಲ್ಲುವುವು ಕೆಡಿಇ ಮತ್ತು ಗ್ನೋಮ್. ಮೊದಲನೆಯದು ೧೯೯೬ರಲ್ಲಿಯೂ ಎರಡನೆಯದು ೧೯೯೭ರಲ್ಲಿಯೂ ಆರಂಭವಾದುವು. ಇವು ಅತ್ಯಂತ ಪರಿಪೂರ್ಣವಾದುವು, ಅನುಕೂಲವಿದ್ದವರು ಬಳಸಲಿ. ನಮ್ಮ ಪ್ರಕೃತಕ್ಕೆ ಇವು ಗುರುಗಳು, ಎಂದರೆ ಭಾರವಾದುವು.

ಎಕ್ಸ್‌ಎಫ್‌ಸಿಇ ಎಂಬುದನ್ನು ೧೯೯೬ರಲ್ಲಿ ಓಲಿವಿಯೆ ಫೂರ್ದಾನ್ ಎಂಬವರು ಪ್ರಾರಂಭಿಸಿದರು. ಇದು ಜಿಟಿಕೆ ಕುಲದ್ದು. ಇದರ ಪಟ್ಟಿಯನ್ನು ಮೇಲೆ, ಕೆಳಗೆ, ಪಕ್ಕದಲ್ಲಿ ಬೇಕಾದಂತೆ ಇರಿಸಬಹುದು. ಥುನಾರ್ ಎಂಬ ಕಡತನಿರ್ವಾಹಕವೂ ಮೌಸ್‌ಪ್ಯಾಡ್ ಎಂಬ ಸಣ್ಣ ಬರವಣಿಗೆಯ ಸಾಧನವೂ ಇದರ ಪರಿವಾರ. ಇದರ ಮುಖ್ಯಗುಣವು ಸ್ಥೈರ್ಯ. ೪.೧೮ನೆಯ ಆವೃತ್ತಿಯು ೨೦೨೨ರ ಡಿಸೆಂಬರಿನಲ್ಲಿಯೂ ೪.೨೦ನೆಯದು ೨೦೨೪ರ ಡಿಸೆಂಬರಿನಲ್ಲಿಯೂ ಹೊರಬಂದುವು. ನಡುವೆ ಎರಡು ವರ್ಷ. ಈ ವರ್ಷ ಕಲಿಸಿದ ಕ್ರಮವು ಬರುವ ವರ್ಷಕ್ಕೆ ತಲೆಕೆಳಗಾಗುವುದಿಲ್ಲವೆಂಬುದು ಪಾಠಹೇಳುವವರಿಗೆ ದೊಡ್ಡ ಸಮಾಧಾನ.

ಎಲ್‌ಎಕ್ಸ್‌ಡಿಇ ಎಂಬುದನ್ನು ತೈವಾನಿನ ಹಾಂಗ್ ಜೆನ್ ಯೀ ಎಂಬವರು ೨೦೦೬ರಲ್ಲಿ ಆರಂಭಿಸಿದರು. ಜಿಟಿಕೆಯ ಮೂರನೆಯ ಆವೃತ್ತಿಯು ಅವರಿಗೆ ರುಚಿಸದೆ, ೨೦೧೩ರಲ್ಲಿ ಕ್ಯೂಟಿ ಕುಲಕ್ಕೆ ಹೊರಳಿದರು. ರೇಜರ್‌ಕ್ಯೂಟಿ ಎಂಬ ಇನ್ನೊಂದು ಯತ್ನವೂ ಅದರೊಡನೆ ಕೂಡಿ, ಎಲ್‌ಎಕ್ಸ್‌ಕ್ಯೂಟಿ ಎಂಬುದಾಯಿತು. ಇದರ ಮೊದಲ ಬಿಡುಗಡೆ ೨೦೧೪ರಲ್ಲಿ, ೧.೦ ಎಂಬ ಆವೃತ್ತಿ ೨೦೨೧ರಲ್ಲಿ. ಲುಬುಂಟು ಎಂಬ ಪ್ರಸಿದ್ಧ ವಿತರಣೆಯು ೨೦೧೮ರ ಅಕ್ಟೋಬರಿನಿಂದ ಇದನ್ನೇ ಅಂಗೀಕರಿಸಿದೆ. ಪಟ್ಟಿಯು ಕೆಳಗೆ, ಆಯ್ಕೆಯ ಗುಂಡಿಯು ಎಡದ ಮೂಲೆಯಲ್ಲಿ ಇರುವುದರಿಂದ ವಿಂಡೋಸಿನ ರೂಢಿಯುಳ್ಳವರಿಗೆ ಉಪಸ್ಥಿತಿಯು ಸುಲಭ. ಹಳೆಯದಾದ ಎಲ್‌ಎಕ್ಸ್‌ಡಿಇ ಈಗಲೂ ದೊರೆಯುವುದಾದರೂ ಅದರ ಬೆಳವಣಿಗೆಯು ಬಹುಮಟ್ಟಿಗೆ ನಿಂತಿರುವುದರಿಂದ ಹೊಸದಾಗಿ ಆರಂಭಿಸುವವರು ಅದನ್ನು ಹಿಡಿಯಬೇಕಾದುದಿಲ್ಲ.

ಮಾಟೆ ಎಂಬುದರ ಕಥೆಯು ಸಾಹಿತ್ಯಚರಿತ್ರೆಯ ಪಾಠಭೇದಗಳನ್ನು ನೆನಪಿಗೆ ತರುವಂಥದು. ೨೦೧೧ರಲ್ಲಿ ಗ್ನೋಮ್ ತನ್ನ ಮೂರನೆಯ ಆವೃತ್ತಿಯಲ್ಲಿ ರೂಪವನ್ನೇ ಬದಲಾಯಿಸಿತು. ಹಳೆಯ ರೂಪವನ್ನು ಬಿಡಲೊಲ್ಲದ ಅರ್ಜೆಂಟೀನ ದೇಶದವರೊಬ್ಬರು ಎರಡನೆಯ ಆವೃತ್ತಿಯನ್ನೇ ಪ್ರತಿಮಾಡಿ ಬೇರೆ ಶಾಖೆಯಾಗಿ ಮುಂದುವರಿಸಿದರು. ಅವರ ನಾಡಿನ ಪಾನೀಯವೊಂದರ ಹೆಸರೇ ಮಾಟೆ. ಗ್ನೋಮಿನ ಆ ಕಾಲದ ಕನ್ನಡ ಅನುವಾದವೂ ಇದಕ್ಕೆ ಪಿತ್ರಾರ್ಜಿತವಾಗಿ ಬಂದಿತು. ಶರೀರದಲ್ಲಿ ಇದು ಎಕ್ಸ್‌ಎಫ್‌ಸಿಇಗೆ ಸಮೀಪದ್ದು. ಪಟ್ಟಿಗಳೂ ಕನ್ನಡದಲ್ಲಿರಬೇಕೆಂದು ಬಯಸುವವರು ಮೊದಲು ಇದನ್ನು ಪರೀಕ್ಷಿಸಬಹುದು.

ಇನ್ನುಳಿದುವು ಐಸ್‌ಡಬ್ಲ್ಯುಎಂ, ಓಪನ್‌ಬಾಕ್ಸ್ ಮುಂತಾದ ಬರಿಯ ವಿಂಡೋ ನಿರ್ವಾಹಕಗಳು. ಮುಖಮಂಟಪವಿಲ್ಲದ ಗುಡಿಗಳಿವು. ಮಂಟಪದ ಒಂದೊಂದು ಕಂಬವನ್ನೂ ತಾನೇ ತಂದು ನಿಲ್ಲಿಸುವ ಶಕ್ತಿಯುಳ್ಳವನಿಗೆ ಇವು ಒಳ್ಳೆಯವು. ಒಂದು ಗಿಗಾಬೈಟಿಗೂ ಕಡಮೆ ಸ್ಮೃತಿಯಿರುವ ಯಂತ್ರಕ್ಕೆ ಇವನ್ನು ಬಿಟ್ಟರೆ ಗತಿಯಿಲ್ಲ.

ಇವೆಲ್ಲಕ್ಕೂ ಆಧಾರವಾದ ವಿತರಣೆಯ ವಿಷಯದಲ್ಲಿ ಒಂದೆರಡು ಮಾತು. ಡೆಬಿಯನ್ ಎಂಬ ವಿತರಣೆಯನ್ನು ಸ್ಥಾಪಿಸುವಾಗಲೇ ಮೇಲ್ಕಂಡ ಪರಿಸರಗಳಲ್ಲಿ ಬೇಕಾದುದನ್ನು ಗುರುತುಮಾಡಬಹುದು. ಸ್ಥಾಪನೆಯ ಪ್ರಶ್ನೋತ್ತರವನ್ನು ಕನ್ನಡದಲ್ಲಿಯೂ ನಡೆಸಬಹುದು. ನಮ್ಮ ದೇಶದ ಸಿ-ಡ್ಯಾಕ್ ಸಂಸ್ಥೆಯವರು ೨೦೦೭ರಲ್ಲಿ ಹೊರತಂದ ಬಾಸ್ ಎಂಬ ವಿತರಣೆಯೂ ಡೆಬಿಯನ್ನನ್ನೇ ಆಧರಿಸಿದುದು. ಆದರೆ ೨೦೨೫ರ ಆಗಸ್ಟಿನಲ್ಲಿ ಹೊರಬಂದ ಡೆಬಿಯನ್ ೧೩ರಿಂದ ೩೨ ಬಿಟ್ಟಿನ ಹಳೆಯ ಯಂತ್ರಗಳಿಗೆ ಸ್ಥಾಪನೆಯ ಸೌಕರ್ಯವಿಲ್ಲ. ಅಂಥವಕ್ಕೆ ೨೦೨೩ರ ಡೆಬಿಯನ್ ೧೨ನ್ನೇ ಆಶ್ರಯಿಸಬೇಕು. ಯಂತ್ರವು ೬೪ ಬಿಟ್ಟಿನದೋ ಅಲ್ಲವೋ ಎಂಬುದನ್ನು ಮೊದಲು ನೋಡಿಕೊಂಡೇ ಮುಂದುವರಿಯತಕ್ಕದ್ದು.

೫. ಕನ್ನಡದ ಪರೀಕ್ಷೆ

ಮೇಲಣ ವಿಚಾರವೆಲ್ಲ ಯಾವ ಭಾಷೆಯವರಿಗಾದರೂ ಸಮಾನ. ಕನ್ನಡದ ವಿದ್ವಾಂಸನಿಗೆ ಪ್ರತ್ಯೇಕವಾದ ಪರೀಕ್ಷೆಗಳು ಮೂರಿವೆ: ಅಕ್ಷರವು ಸರಿಯಾಗಿ ಕಾಣುವುದೆ, ಸರಿಯಾಗಿ ಒತ್ತಲಾಗುವುದೆ, ಹಿಂದೆ ಬರೆದುದನ್ನು ಓದಲಾಗುವುದೆ.

ಮೊದಲನೆಯದು ದರ್ಶನ. ಯೂನಿಕೋಡ್ ಎಂಬ ಸಂಕೇತವ್ಯವಸ್ಥೆಯಲ್ಲಿ ಕನ್ನಡಕ್ಕೆ ೧೯೯೧ರ ಮೊದಲ ಆವೃತ್ತಿಯಿಂದಲೇ ಸ್ಥಾನವಿದೆ. ಕಡತದಲ್ಲಿ ಇರುವುದು ಕ, ಹಲಂತ, ಷ ಎಂಬ ಮೂರು ಸಂಕೇತಗಳು ಮಾತ್ರ. ಅವನ್ನು ಕೂಡಿಸಿ ‘ಕ್ಷ’ ಎಂದು ತೋರಿಸುವುದು ರೂಪಣಯಂತ್ರದ ಕೆಲಸ. ಜಿಟಿಕೆ, ಕ್ಯೂಟಿ ಎಂಬ ಎರಡು ಕುಲಗಳಲ್ಲಿಯೂ ಈ ಕೆಲಸವನ್ನು ಇಂದು ಹಾರ್ಫ್‌ಬಜ್ ಎಂಬುದೇ ಮಾಡುತ್ತದೆ. ಆದುದರಿಂದ ಲಘುಪರಿಸರವನ್ನಾರಿಸಿದ ಮಾತ್ರಕ್ಕೆ ಒತ್ತಕ್ಷರಗಳು ಕೆಡುವುವೆಂಬ ಭಯಕ್ಕೆ ಆಸ್ಪದವಿಲ್ಲ. ಬೇಕಾದುದು ಒಳ್ಳೆಯ ಅಕ್ಷರಶೈಲಿ. ಡೆಬಿಯನ್ನಿನಲ್ಲಿ ಲೋಹಿತ್, ನೋಟೋ, ಗುಬ್ಬಿ, ನವಿಲು ಎಂಬವು ಉಚಿತವಾಗಿ ದೊರೆಯುತ್ತವೆ. ಹಕ್ಕಿಗಳ ಹೆಸರಿನ ಕೊನೆಯ ಎರಡು ಶೈಲಿಗಳು ತೂಕದಲ್ಲಿಯೂ ಹಗುರ.

ಹಳಗನ್ನಡದವರು ಇಷ್ಟಕ್ಕೆ ತೃಪ್ತರಾಗಬಾರದು. ‘ಅಳಿ’ ಎಂದರೆ ದುಂಬಿ. ‘ಅೞಿ’ ಎಂದರೆ ನಾಶವಾಗು. ‘ಅರಿ’ ಎಂದರೆ ಕತ್ತರಿಸು. ‘ಅಱಿ’ ಎಂದರೆ ತಿಳಿ. ಈ ನಾಲ್ಕನ್ನೂ ಬರೆದು ನೋಡಬೇಕು. ಎಲ್ಲಿಯಾದರೂ ಅಕ್ಷರಕ್ಕೆ ಬದಲಾಗಿ ಚೌಕವೊಂದು ಕಂಡರೆ ಆ ಶೈಲಿಯು ನಮಗೆ ಉಪಯೋಗವಿಲ್ಲ. ಪ್ರಸಂಗವಶದಿಂದ ಹೇಳುವುದಾದರೆ, ಯೂನಿಕೋಡಿನ ಪಟ್ಟಿಯಲ್ಲಿ ನಮ್ಮ ೞಕಾರಕ್ಕೆ ತಪ್ಪಾಗಿ ‘ಫ’ ಎಂಬ ಧ್ವನಿಯ ಹೆಸರು ಬಿದ್ದುಹೋಗಿದೆ. ಒಮ್ಮೆ ಇಟ್ಟ ಹೆಸರನ್ನು ಬದಲಾಯಿಸಬಾರದೆಂಬುದು ಅವರ ನಿಯಮವಾದುದರಿಂದ ತಿದ್ದುಪಡಿಯನ್ನು ಪರ್ಯಾಯನಾಮವಾಗಿ ಸೇರಿಸಿರುವರು. ಅಕ್ಷರದ ಸಂಕೇತಕ್ಕೆ ಇದರಿಂದ ಬಾಧಕವಿಲ್ಲ. ಆದರೂ ಪಂಡಿತರು ಹೊತ್ತಿಗೆ ಸರಿಯಾಗಿ ಮಾತನಾಡದಿದ್ದರೆ ಏನಾಗುವುದೆಂಬುದಕ್ಕೆ ಇದು ಶಾಶ್ವತವಾದ ಉದಾಹರಣೆ.

ಅರ್ಕಾವೊತ್ತನ್ನೂ ಪರೀಕ್ಷಿಸಬೇಕು. ‘ಸೂರ್ಯ’ ಎಂಬಲ್ಲಿ ಅರ್ಕಾವೊತ್ತು ಬೇಕು. ‘ರ‍್ಯಾಂಕು’ ಎಂಬಂಥ ಕಡೆ ರಕಾರವೇ ಮೊದಲು ನಿಂತು ಕೆಳಗೆ ಯಕಾರದ ಒತ್ತು ಬರಬೇಕು. ಎರಡನೆಯ ರೂಪಕ್ಕೆ ನಡುವೆ ಕಣ್ಣಿಗೆ ಕಾಣದ ಜೋಡಕಸಂಕೇತವೊಂದನ್ನು ಸೇರಿಸಬೇಕಾಗುತ್ತದೆ. ಆರಿಸಿದ ಕೀಲಿವಿನ್ಯಾಸದಲ್ಲಿ ಅದು ಯಾವ ಕೀಲಿಯಲ್ಲಿದೆಯೆಂದು ಮೊದಲೇ ನೋಡಿಕೊಳ್ಳಬೇಕು.

ಎರಡನೆಯದು ಲೇಖನ. ಕೆ. ಪಿ. ರಾವ್ ಅವರು ರೂಪಿಸಿದ ಧ್ವನ್ಯನುಸಾರಿ ಕೀಲಿವಿನ್ಯಾಸವು ಕನ್ನಡ ಗಣಕ ಪರಿಷತ್ತಿನ ನುಡಿಯ ಮೂಲಕ ನಮ್ಮಲ್ಲಿ ರೂಢವಾಗಿದೆ. ಎಫ್ ಕೀಲಿಯಿಂದ ಹಲಂತವನ್ನು ಒತ್ತಿ ಒತ್ತಕ್ಷರ ಮಾಡುವ ಆ ಕ್ರಮವು ಅಧ್ಯಾಪಕರ ಬೆರಳಿಗೆ ಹತ್ತಿರುವಂಥದೇ. ಈ ಕಗಪ ವಿನ್ಯಾಸವು ಲಿನಕ್ಸಿನ ಮೂಲ ಕೀಲಿಮಣೆಯ ಪಟ್ಟಿಯಲ್ಲಿಯೇ ಸೇರಿದೆ. ಹೀಗಿರುವುದರಿಂದ ಐಬಸ್ ಮುಂತಾದ ಮಧ್ಯವರ್ತಿ ತಂತ್ರಾಂಶವನ್ನು ಹೇರದೆ, ಪರಿಸರದ ಕೀಲಿಮಣೆಯ ಸಂಯೋಜನೆಯಲ್ಲಿ ಕನ್ನಡ ಕಗಪವನ್ನು ಸೇರಿಸಿದರೆ ಸಾಕು, ಬರೆಯಲು ತೊಡಗಬಹುದು. ಸಂಬಂಧಕೃತ ಲಾಘವಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವಿಲ್ಲ. ಇಂಗ್ಲಿಷ್ ಅಕ್ಷರಗಳಲ್ಲಿ ಪದವನ್ನು ಒತ್ತಿ ಕನ್ನಡಕ್ಕೆ ಲಿಪ್ಯಂತರಿಸುವ ಅಭ್ಯಾಸವುಳ್ಳವರಿಗೆ ಮಾತ್ರ ಐಬಸ್ ಬೇಕಾಗುವುದು.

ಮೂರನೆಯದು ಪೂರ್ವಲೇಖಗಳ ರಕ್ಷಣೆ. ಇಲ್ಲಿ ನನ್ನ ತಪ್ಪನ್ನೇ ಹೇಳಿಕೊಳ್ಳುತ್ತೇನೆ. ಹಲವು ವರ್ಷಗಳ ಹಿಂದೆ ಹಳೆಯ ನುಡಿಯ ಅಕ್ಷರಶೈಲಿಯಲ್ಲಿ ನಾನೊಂದು ಪದಪಟ್ಟಿಕೆಯನ್ನು ಒತ್ತಿಟ್ಟಿದ್ದೆನು. ಹೊಸ ವ್ಯವಸ್ಥೆಯಲ್ಲಿ ಅದನ್ನು ತೆರೆದಾಗ ಕನ್ನಡದ ಒಂದಕ್ಷರವೂ ಕಾಣದೆ, ತಲೆಯ ಮೇಲೆ ಚುಕ್ಕೆ ಗೀಟುಗಳುಳ್ಳ ರೋಮನ್ ಅಕ್ಷರಗಳ ರಾಶಿ ಕಂಡಿತು. ಆ ಕಾಲದ ಶೈಲಿಗಳು ಅಕ್ಷರದ ಸಂಕೇತವನ್ನಲ್ಲದೆ, ತಲೆಕಟ್ಟು, ಕೊಂಬು, ಒತ್ತು ಎಂಬ ತುಂಡುಗಳನ್ನು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಅಡಗಿಸಿ ಇಡುತ್ತಿದ್ದುವು. ಆ ಶೈಲಿಯಿಲ್ಲದ ಕಡೆ ಮುಖವಾಡ ಕಳಚಿ ಬೀಳುವುದು. ಇವನ್ನು ಯೂನಿಕೋಡಿಗೆ ಪರಿವರ್ತಿಸುವ ಸಾಧನಗಳು ಉಚಿತವಾಗಿ ಸಿಗುತ್ತವೆ. ಆದರೆ ಪರಿವರ್ತಿಸಿದುದನ್ನು ಮೂಲದೊಡನೆ ಹೋಲಿಸಿ ತಿದ್ದಬೇಕು. ಮೂಲವನ್ನು ಸರಿಯಾಗಿ ತೋರಿಸುವುದು ಹಳೆಯ ವ್ಯವಸ್ಥೆ ಮಾತ್ರ. ನಾನಾದರೋ ಹಳೆಯದನ್ನು ಅಳಿಸಿದ ಮೇಲೆ ಈ ಬುದ್ಧಿಯನ್ನು ಕಲಿತೆನು. ಮಳೆಗಾಲವೊಂದೆಲ್ಲ ಆ ಪಟ್ಟಿಕೆಯ ತಪ್ಪುಗಳನ್ನು ಊಹೆಯಿಂದ ತಿದ್ದುವುದರಲ್ಲಿಯೇ ಕಳೆಯಿತು. ಆದುದರಿಂದ ಕಡತಗಳ ಪರಿವರ್ತನೆಯೂ ಹೋಲಿಕೆಯೂ ಮುಗಿಯುವ ತನಕ ಹಳೆಯ ವ್ಯವಸ್ಥೆಯನ್ನು ಅಳಿಸಕೂಡದು.

೬. ತೂಕ ನೋಡುವ ಕ್ರಮ

ಪರರ ಮಾತನ್ನು ನಂಬುವುದಕ್ಕಿಂತ ಪ್ರತ್ಯಕ್ಷಪ್ರಮಾಣವೇ ಲೇಸು. ವಿತರಣೆಗಳಲ್ಲಿ ಹಲವನ್ನು ಸ್ಥಾಪಿಸದೆಯೇ ಯುಎಸ್‌ಬಿ ಕಡ್ಡಿಯೊಂದರಿಂದ ನಡೆಸಿ ನೋಡಬಹುದು. ನಿಧಾನವಾಗಿ ನಡೆದರೂ ತೆರೆ, ಧ್ವನಿ, ಜಾಲ, ಮುದ್ರಣಯಂತ್ರ ಇವು ಹೊಂದುವುವೋ ಇಲ್ಲವೋ ಎಂಬುದು ಆಗಲೇ ಗೊತ್ತಾಗುವುದು.

ಅನಂತರ ಆಜ್ಞಾಫಲಕದಲ್ಲಿ ‘ಫ್ರೀ’ ಎಂಬ ಆಜ್ಞೆಯನ್ನು ಕೊಟ್ಟರೆ ಸ್ಮೃತಿಯ ಲೆಕ್ಕವು ಬರುವುದು. ಇಲ್ಲಿ ಅನೇಕರು ಮೋಸಹೋಗುವರು. ಲಿನಕ್ಸು ಖಾಲಿಯಿರುವ ಸ್ಮೃತಿಯನ್ನು ಸುಮ್ಮನೆ ಬಿಡದೆ, ಒಮ್ಮೆ ಓದಿದ ಕಡತಗಳನ್ನು ಅಲ್ಲಿ ಇಟ್ಟುಕೊಂಡಿರುತ್ತದೆ. ಬೇರೆಯವರು ಕೇಳಿದೊಡನೆ ಬಿಟ್ಟುಕೊಡುತ್ತದೆ. ಆದುದರಿಂದ ‘ಫ್ರೀ’ ಎಂಬ ಅಂಕಣವು ಕಡಮೆಯಾ ಗಿರುವುದನ್ನು ಕಂಡು ಹೆದರದೆ, ‘ಅವೈಲಬಲ್’ ಎಂಬ ಅಂಕಣವನ್ನೇ ಓದತಕ್ಕದ್ದು. ಪರಿಸರವೆದ್ದ ಕೂಡಲೆ ಒಮ್ಮೆ, ನಿತ್ಯದ ಕೆಲಸಗಳನ್ನೆಲ್ಲ ತೆರೆದ ಮೇಲೆ ಒಮ್ಮೆ, ಹೀಗೆ ಎರಡು ಸಲ ಓದಿ ಬರೆದಿಟ್ಟುಕೊಳ್ಳಬೇಕು.

ಎರಡನೆಯ ಓದಿನಲ್ಲಿ ಒಂದು ಆಶ್ಚರ್ಯವು ಕಾದಿರುತ್ತದೆ. ಪರಿಸರಕ್ಕಿಂತ ಹೆಚ್ಚಾಗಿ ತಿನ್ನುವುದು ಬ್ರೌಸರು. ನಾಲ್ಕಾರು ಪುಟಗಳನ್ನು ತೆರೆದರೆ ಎರಡು ಗಿಗಾಬೈಟಿನ ಯಂತ್ರವು ಏದುಸಿರು ಬಿಡುವುದು. ಪರಿಸರವನ್ನು ಎಷ್ಟು ಕೃಶಗೊಳಿಸಿದರೂ ಇದಕ್ಕೆ ಪರಿಹಾರವಿಲ್ಲ. ಒಂದೊಂದೇ ಪುಟವನ್ನು ತೆರೆದು ಮುಚ್ಚುವ ಶಿಸ್ತೇ ಪರಿಹಾರ. ಹಾಗೆಯೇ ಪಾಠವನ್ನು ಒತ್ತುವುದಕ್ಕೆ ಮೌಸ್‌ಪ್ಯಾಡಿನಂಥ ಸಣ್ಣ ಸಾಧನವನ್ನು ಬಳಸಿ, ಪುಟವಿನ್ಯಾಸದ ಕಾಲಕ್ಕೆ ಮಾತ್ರ ಲಿಬ್ರೆಆಫೀಸನ್ನು ತೆರೆಯಬಹುದು.

ಇನ್ನೊಂದು ಸತ್ಯವನ್ನು ಮರೆಮಾಡಲಾಗದು. ತಿರುಗುವ ಬಿಲ್ಲೆಯನ್ನು ತೆಗೆದು ಎಸ್‌ಎಸ್‌ಡಿ ಎಂಬ ಚಲನವಿಲ್ಲದ ಸಂಗ್ರಹವನ್ನು ಹಾಕಿಸಿದರೆ ಆಗುವ ವೇಗವು ಯಾವ ಪರಿಸರದ ಬದಲಾವಣೆಯಿಂದಲೂ ಆಗದು. ಸಂಸ್ಥೆಯವರು ಅಲ್ಪ ಹಣವನ್ನು ಕೊಡಲು ಒಪ್ಪಿದರೆ ಮೊದಲು ಅದಕ್ಕೆ, ಉಳಿದರೆ ಸ್ಮೃತಿಗೆ ವೆಚ್ಚಮಾಡತಕ್ಕದ್ದು. ವಿದ್ಯುತ್ತಿನ ವಿಷಯವೂ ಹೀಗೆಯೇ. ಪಾವಗಡ ತಾಲ್ಲೂಕಿನಲ್ಲಿ ೨೦೫೦ ಮೆಗಾವಾಟ್ ಸಾಮರ್ಥ್ಯದ ಸೌರೋದ್ಯಾನವಿದ್ದರೂ ನಮ್ಮ ಕಡೆ ಕರೆಂಟು ಹೋಗುವ ದಿನಗಳು ಇಲ್ಲದಿಲ್ಲ. ಹೋಗಿ ಬಂದಾಗಲೆಲ್ಲ ಯಂತ್ರವು ಮತ್ತೆ ಏಳಲು ಎಷ್ಟು ಹೊತ್ತು ಹಿಡಿಯುವುದೆಂಬುದೂ ತೂಕದ ಒಂದು ಭಾಗವೇ.

೭. ಆಕ್ಷೇಪಗಳೂ ಸಮಾಧಾನಗಳೂ

‘ಹಳ್ಳಿಯವರಿಗೆ ಹಳೆಯ ಯಂತ್ರ, ಹಗುರ ಸಾಮಾನು, ಪಟ್ಟಣದವರಿಗೆ ಹೊಸದು, ಇದು ಅವಮಾನವಲ್ಲವೆ?’ ಎಂದು ಕೆಲವರು ಕೇಳಬಹುದು. ಹೊಸದನ್ನು ಕೇಳುವ ಹಕ್ಕನ್ನು ಯಾರೂ ಬಿಡಬೇಕಾದುದಿಲ್ಲ. ಆದರೆ ಅದು ಬರುವ ತನಕ ಪಾಠವು ನಿಲ್ಲಬೇಕೆ? ಲಘುವೆಂದರೆ ಕೀಳೆಂಬ ಅರ್ಥವೂ ಶಾಸ್ತ್ರಸಮ್ಮತವಲ್ಲ.

‘ಲಾಘವವೇ ಮುಖ್ಯವಾದರೆ ಅತ್ಯಂತ ಕೃಶವಾದ ನಿರ್ವಾಹಕವನ್ನೇ ಏಕೆ ಹಿಡಿಯಬಾರದು?’ ಎಂಬುದು ಎರಡನೆಯ ಆಕ್ಷೇಪ. ಫಲಮುಖವಾದ ಗೌರವವು ದೋಷವಲ್ಲವೆಂಬ ನ್ಯಾಯವೇ ಇದಕ್ಕೆ ಉತ್ತರ. ಯುಎಸ್‌ಬಿ ಕಡ್ಡಿಯನ್ನು ಚುಚ್ಚಿದೊಡನೆ ಕಡತಗಳು ಕಾಣುವುದು, ಕೀಲಿವಿನ್ಯಾಸದ ಗುರುತು ಪಟ್ಟಿಯ ಮೇಲೆ ತೋರುವುದು ಮುಂತಾದ ಸೌಕರ್ಯಗಳು ಸ್ವಲ್ಪ ತೂಕವನ್ನು ತಂದರೂ ಕೆಲಸವನ್ನು ನಡೆಸಿಕೊಡುತ್ತವೆ. ಇಂಥ ತೂಕವನ್ನು ಸಹಿಸಬೇಕು.

‘ಕಚೇರಿಯ ಕೆಲವು ಕೆಲಸಗಳಿಗೆ ವಿಂಡೋಸೇ ಬೇಕಲ್ಲ?’ ಎಂಬುದು ಮೂರನೆಯದು. ಇದು ನಿಜ. ಅಂಥ ಕೆಲಸಕ್ಕೆ ಒಂದು ಯಂತ್ರವನ್ನು ಪ್ರತ್ಯೇಕವಾಗಿ ಇಟ್ಟುಕೊಂಡು, ಓದುಬರಹದ ಯಂತ್ರಗಳನ್ನು ಮಾತ್ರ ಬದಲಾಯಿಸುವುದು ವಿವೇಕ.

‘ಇದೆಲ್ಲ ಒಂಟಿ ಪಂಡಿತನ ಹವ್ಯಾಸ, ಶಾಲೆಗಳಲ್ಲಿ ನಡೆಯದು’ ಎಂಬುದು ಕೊನೆಯ ಆಕ್ಷೇಪ. ಕೇರಳ ಸರಕಾರವು ೨೦೦೧ರಲ್ಲಿ ಐಟಿ ಅಟ್ ಸ್ಕೂಲ್ ಎಂಬ ಯೋಜನೆಯನ್ನು ಆರಂಭಿಸಿತು. ೨೦೧೭ರಲ್ಲಿ ಅದು ಕೈಟ್ ಎಂಬ ಸಂಸ್ಥೆಯಾಯಿತು. ಅಲ್ಲಿನ ಶಾಲೆಗಳು ಲಿನಕ್ಸಿನ ಮೇಲೆಯೇ ಗಣಕವನ್ನು ಕಲಿಸುತ್ತ ಬಂದಿವೆ. ಕಾಸರಗೋಡಿನ ಕನ್ನಡಮಾಧ್ಯಮದ ಮಕ್ಕಳೂ ಅವರಲ್ಲಿ ಸೇರಿರುವರು. ಗಡಿಯಾಚೆಯ ಕನ್ನಡದ ಮಕ್ಕಳಿಗೆ ಆಗುವುದು ಒಳನಾಡಿನವರಿಗೆ ಆಗದೆಂದು ಹೇಳಲು ಕಾರಣವು ಕಾಣದು.

೮. ನಿರ್ಣಯ

ಇಷ್ಟರಿಂದ ಸಿದ್ಧವಾದುದನ್ನು ಸಂಗ್ರಹಿಸುತ್ತೇನೆ. ೪ ಗಿಗಾಬೈಟ್ ಸ್ಮೃತಿಯಿರುವ ಯಂತ್ರಕ್ಕೆ ಎಕ್ಸ್‌ಎಫ್‌ಸಿಇ ಯೋಗ್ಯ. ಕನ್ನಡದ ಪಟ್ಟಿಗಳಲ್ಲಿ ಆಸಕ್ತಿಯಿದ್ದರೆ ಮಾಟೆ. ೨ ಗಿಗಾಬೈಟಿನದಕ್ಕೆ ಎಲ್‌ಎಕ್ಸ್‌ಕ್ಯೂಟಿ. ಡೆಬಿಯನ್ನಿನ ಕೈಪಿಡಿಯು ಡೆಸ್ಕ್‌ಟಾಪಿಗೆ ಕನಿಷ್ಠವೆಂದು ಹೇಳುವುದು ೧ ಗಿಗಾಬೈಟ್. ಅದಕ್ಕೂ ಕೆಳಗಿನ ಯಂತ್ರವನ್ನು, ಐಸ್‌ಡಬ್ಲ್ಯುಎಂ ಅಂಥದರೊಡನೆ, ಬರಿಯ ಬರವಣಿಗೆಗೆ ಮೀಸಲಿಡಬೇಕು. ಎಲ್ಲಕ್ಕೂ ಕಗಪ ಕೀಲಿವಿನ್ಯಾಸವನ್ನು ಸೇರಿಸಿ, ೞಕಾರ ಱಕಾರಗಳ ಪರೀಕ್ಷೆಯಲ್ಲಿ ಗೆದ್ದ ಶೈಲಿಯನ್ನು ಇಟ್ಟುಕೊಳ್ಳಬೇಕು. ಹಳೆಯ ಕಡತಗಳನ್ನು ಮೊದಲು ಪರಿವರ್ತಿಸಿ, ಹೋಲಿಸಿ, ಬೇರೆಡೆ ಒಂದು ಪ್ರತಿಯನ್ನಿರಿಸಿ, ಆಮೇಲೆ ಸ್ಥಾಪನೆಗೆ ತೊಡಗಬೇಕು.

ಬರಗೂರಿನ ಎರಡು ಯಂತ್ರಗಳಲ್ಲಿ ದೊಡ್ಡದರಲ್ಲಿ ಎಕ್ಸ್‌ಎಫ್‌ಸಿಇಯನ್ನೂ ಚಿಕ್ಕದರಲ್ಲಿ ಎಲ್‌ಎಕ್ಸ್‌ಕ್ಯೂಟಿಯನ್ನೂ ಸ್ಥಾಪಿಸಿದುದಾಯಿತು. ಒತ್ತಿದ ಅಕ್ಷರವು ಒತ್ತಿದ ಕೂಡಲೆ ಕಾಣುತ್ತದೆ. ಚಿಕ್ಕ ಯಂತ್ರದಲ್ಲಿ ಇಬ್ಬರು ವಿದ್ಯಾರ್ಥಿಗಳು ಸರದಿಯ ಮೇಲೆ ಕುಳಿತು ಶಾಸನಪಾಠಗಳನ್ನು ಒತ್ತುತ್ತಾರೆ. ದೊಡ್ಡದರಲ್ಲಿ ನಾನು ಮುದ್ರಿತ ಪ್ರತಿಯೊಡನೆ ತಾಳೆನೋಡುತ್ತೇನೆ. ಮೊನ್ನೆ ಅವರಲ್ಲೊಬ್ಬನು ‘ಅಳಿದೊಡೆ’ ಎಂದು ಒತ್ತಿ, ತಾನಾಗಿಯೇ ನಿಂತು, ‘ಇಲ್ಲಿ ಆ ಇನ್ನೊಂದು ೞ ಅಲ್ಲವೆ ಸ್ವಾಮಿ?’ ಎಂದು ಕೇಳಿದನು. ತರಗತಿಯಲ್ಲಿ ಹತ್ತು ಸಲ ಹೇಳಿದರೂ ಹತ್ತದ ಭೇದವು ಕೀಲಿಯೊತ್ತುವಾಗ ಹತ್ತಿತ್ತು.

ಇಂಥ ಯಂತ್ರಗಳು ನಮ್ಮ ನಾಡಿನ ಎಷ್ಟೋ ಶಾಲೆಗಳ ಮೂಲೆಗಳಲ್ಲಿ ಇರಬಹುದು. ಅವನ್ನು ಗುಜರಿಗೆ ಹಾಕುವ ಮೊದಲು ಒಂದು ದಿನದ ಪರೀಕ್ಷೆಗೆ ಅವಕಾಶಕೊಡಬೇಕೆಂದೂ, ಅನುಭವದಿಂದ ನನಗಿಂತ ಚೆನ್ನಾಗಿ ಬಲ್ಲವರು ಈ ನಿರ್ಣಯದಲ್ಲಿ ದೋಷವಿದ್ದರೆ ತಿದ್ದಿ ತಿಳಿಸಬೇಕೆಂದೂ ವಿದ್ವಾಂಸರಲ್ಲಿ ವಿಜ್ಞಾಪಿಸಿಕೊಳ್ಳುತ್ತೇನೆ.